ಮೆಟ್ಟಿಲ ಮೇಲಿನ ಏದುಸಿರು

ಒಂದಾನೊಂದು ಕಾಲದಲ್ಲಿ ಒಬ್ಬ ಹುಡುಗಿಯ ರಕ್ತದಲ್ಲಿ ಅವಳ ಅಪ್ಪನ ಸಾವು ಮನೆ ಮಾಡಿಕೊಂಡಿತ್ತಂತೆ... ಆ ಕಾಲ ಬಹಳ ಹಿಂದಿನದೇನಲ್ಲ, ಈ ವರ್ಷದ್ದೇ, ತಮಿಳರ ಆಡಿ ತಿಂಗಳು. ಊರು ಚೆನ್ನೈ. ವೆಸ್ಟ್ ಮಾಂಬಲಂನ ಪಾತ್ರೆ ಅಂಗಡಿಯ ಮೇಲಿದ್ದ ಲ್ಯಾಬಿಗೆ ಮೆಟ್ಟಿಲು ಹತ್ತುತ್ತಿದ್ದ ಹರ್ಷಿಣಿಗೆ ಬೆನ್ನ ಹಿಂದೆ ಏದುಸಿರು ಕೇಳಿಸಿತು.

ಅಪ್ಪನ ಉಸಿರು!

ಹೃದಯಾಘಾತದಲ್ಲಿ ಹೋಗುವ ಮುಂಚೆ ಅಪ್ಪ ಮನೆಯ ಮೆಟ್ಟಿಲ ತಿರುವಿನಲ್ಲಿ ಹೀಗೇ ನಿಂತು ಉಸಿರೆಳೆಯುತ್ತಿದ್ದರು. ರಕ್ತದ ತುಂಬ ಕೊಬ್ಬು ಎಂದಿದ್ದರು ವೈದ್ಯರು. ಅಂದಿನಿಂದ ಆ ಉಸಿರು ಅವಳ ಬೆನ್ನು ಬಿಟ್ಟಿರಲಿಲ್ಲ.

ಗಕ್ಕನೆ ತಿರುಗಿದಳು.

ಕೌಶಿಕ್... ಮದುವೆ ಬೇಡವೆಂದು ಅವಳೇ ದೂರ ಮಾಡಿದ್ದ ಹುಡುಗ.

ಹರ್ಷಿಣಿ ದುಪಟ್ಟಾವನ್ನು ಸೊಂಟದ ಮೇಲೆ ಎಳೆದುಕೊಂಡಳು. ಇಳಿಸಿದ್ದ ತೂಕವೆಲ್ಲ ಮರಳಿ ಬಂದಿದೆ. ಇವನ ಕಣ್ಣಿಗೆ ಈಗಲೇ ಬೀಳಬೇಕಿತ್ತೇ?

"ಸ್ಟೇಷನ್ನಿಂದ ಓಡಿ ಬಂದೆ ಕಣೇ," ಎಂದ ಅವನು, ಗೋಡೆ ಹಿಡಿದು. "ಅನಸೂಯ ಆಂಟಿ ಫೋನ್ ಮಾಡಿದ್ರು. 'ಟೆಸ್ಟಿಗೆ ರಕ್ತ ಕೊಡ್ತೀನಿ ಅಂತ ನಂಗೆ ಮಾತು ಕೊಟ್ಟು, ದಿನಾ ಲ್ಯಾಬ್ ಬಾಗಿಲ ತನಕ ಹೋಗಿ ವಾಪಸ್ ಬರ್ತಾಳಪ್ಪಾ ನನ್ ಮಗಳು' ಅಂದ್ರು. ಯಾಕೆ ಅಂತ ಕೇಳಿದ್ರೆ, ಅವಳನ್ನೇ ಕೇಳು ಅಂದ್ರು."

ಅವಳು ಒಂದು ಮೆಟ್ಟಿಲು ಮೇಲೆ ಹತ್ತಿದಳು.

"ಒಂದು ಹೇಳ್ಬಿಡು. ಕ್ರೋಂಪೇಟೇಲಿ ಯಾರದೋ ಮದುವೇಲಿ 'ಎಲುಬು ಕಾಣ್ತಿದೆ, ಒಂದು ಹೋಳಿಗೆ ತಿನ್ನು' ಅಂದಿದ್ದಕ್ಕೇನಾ ನನ್ನ ಬೇಡ ಅಂದಿದ್ದು?"

ನಗು ಬರಬೇಕಿತ್ತು, ಕಣ್ಣೀರು ಬಂತು.

"ಅಲ್ಲ ಕಣೋ... ಅಷ್ಟು ಸಣ್ಣ ಆದ್ರೂ ಕೊಲೆಸ್ಟ್ರಾಲ್ ಮೊದಲಿಗಿಂತ ಜಾಸ್ತಿ ಬಂತು. ಏನು ಮಾಡಿದ್ರೂ ಇದು ಅಪ್ಪನ ರಕ್ತಾನೇ ಅಂದ್ಕೊಂಡೆ. ಅಮ್ಮನ ಥರ ನೀನೂ ಒಂಟಿಯಾಗೋದು ಬೇಡ ಅಂತ ಎಲ್ಲ ಬಿಟ್ಟೆ. ಡಯಟ್ಟೂ, ನಿನ್ನನ್ನೂ."

"ಡಾಕ್ಟರನ್ನ ಕೇಳ್ದೇನೇ?"

"ಹೂಂ... ಮೊನ್ನೆ ಅಮ್ಮ ಎಳ್ಕೊಂಡು ಹೋದ್ರು. ತೂಕ ಬೇಗ ಇಳೀತಿರೋವಾಗ ಮೈಯ ಕೊಬ್ಬು ಕರಗಿ ರಕ್ತಕ್ಕೆ ಬರುತ್ತಂತೆ. ಕೆಲವರಿಗೆ ಆಗ ಸ್ವಲ್ಪ ಕಾಲ ಕೊಲೆಸ್ಟ್ರಾಲ್ ಏರುತ್ತಂತೆ. ತೂಕ ಒಂದು ಕಡೆ ನಿಂತ್ಮೇಲೆ ಟೆಸ್ಟ್ ಮಾಡಿ ನೋಡ್ಬೇಕಿತ್ತು ಅಂದ್ರು. ನಾನೆಲ್ಲಿ ತೂಕ ನಿಲ್ಲೋಕೆ ಬಿಟ್ಟೆ? ಹೆದರಿ ಹೆದರಿ ತಿಂದೆ. ಮತ್ತೆ ದಪ್ಪ ಆದ್ರೆ ರಕ್ತದ ಕೊಬ್ಬೂ ಮತ್ತೆ ಏರುತ್ತಂತೆ. ಈಗ ನಿಜವಾಗ್ಲೂ ಏರಿದ್ರೆ?"

"ಮಾತ್ರೆ ಇದೆ. ನಡೆಯೋಕೆ ಬೀಚಿದೆ. ಈ ಸಲ ನಿಧಾನಕ್ಕೆ ಇಳಿಸೋಣ."

"ಇಳೀದೇ ಇದ್ರೆ?"

"ಅದನ್ನೂ ಜೊತೇಲಿಟ್ಕೊಂಡು ಬದುಕೋಣ. ಮದುವೆಗೆ ಮುಂಚೇನೇ ನನ್ನ ವಿಧುರ ಮಾಡ್ಬಿಟ್ಯಲ್ಲೇ... ಒಂದು ಮಾತು ಕೇಳ್ಬಾರ್ದಾ?"

ಅವಳು ಉಳಿದ ಮೆಟ್ಟಿಲುಗಳನ್ನು ಹತ್ತಿದಳು. ಅವನು ಪಕ್ಕದಲ್ಲೇ ಹತ್ತಿದ.

"ಕೈಯ ನೀಟ್ಟುಂಗಮ್ಮ," ಎಂದು ತಮಿಳಿನಲ್ಲಿ ಹೇಳಿದಳು ಲ್ಯಾಬಿನಾಕೆ.

ಹರ್ಷಿಣಿ ಕೈ ಚಾಚಿದಳು. ಯಾವಾಗಲೂ ಮುಖ ತಿರುಗಿಸುತ್ತಿದ್ದವಳು ಇಂದು ನೋಡುತ್ತಲೇ ಕುಳಿತಳು. ನಳಿಕೆಯಲ್ಲಿ ಕೆಂಪು ಮೆಲ್ಲನೆ ಏರಿ ತುಂಬಿತು.

"ಈ ಹತ್ತಿ ಸ್ವಲ್ಪ ಒತ್ತಿ ಹಿಡ್ಕೊ," ಎಂದಳು ಕೌಶಿಕ್‌ಗೆ.

ಅವನ ಹೆಬ್ಬೆರಳು ಅವಳ ತೋಳಿನ ಮೇಲೆ ಕೂತಿತು.

"ನಮ್ಮಮ್ಮನಿಗೆ ಫೋನ್ ಮಾಡು. ರಕ್ತ ಕೊಟ್ಟಾಯ್ತು ಅಂತ ಹೇಳು."

"ಅಷ್ಟೇನಾ?"

"ನಿನ್ನನ್ನ ವಾಪಸ್ ಕಳ್ಸಲ್ಲ ಅಂತಾನೂ ಹೇಳು."