ನವಮಿಯ ದಿನ, ಗ್ಯಾಲ್ವೆಸ್ಟನ್‌ನಲ್ಲಿ

ಮೊದಲು ಶಾಲೆಗಳು ತೆರೆಯುತ್ತವೆ. ಅನಂತರ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆ ಕಳೆಯುತ್ತದೆ. ಆ ಬಳಿಕವೇ ಗ್ಯಾಲ್ವೆಸ್ಟನ್ ಕಡಲತೀರದ ಮನೆಗಳ ಬಾಡಿಗೆ ಇಳಿಯುತ್ತದೆ. ನಿವೃತ್ತರು ಪ್ರವಾಸ ಹೊರಡಬೇಕಾದದ್ದು ಆಗಲೇ ಎಂದು ದ ವುಡ್‌ಲ್ಯಾಂಡ್ಸ್ ಪಟ್ಟಣದ ವೆಂಕಟಗಿರಿ ಎಲ್ಲರಿಗೂ ಹೇಳುತ್ತಿದ್ದರು. ಅದೇ ವಾರಗಳಲ್ಲಿ ಪಿತೃಪಕ್ಷವೂ ಬರುತ್ತದೆಂಬುದು ಮಾತ್ರ ಈ ಸಲ ಅವರ ಗಮನದಿಂದ ತಪ್ಪಿಹೋಗಿತ್ತು.

ಜೊತೆಗೆ ಬಂದವರು ಫ್ಲೂಗರ್‌ವಿಲ್‌ನ ಇಂದುಮತಿ, ನಿವೃತ್ತ ಮಕ್ಕಳ ವೈದ್ಯೆ. ಇಬ್ಬರೂ ಸಂಗಾತಿಯನ್ನು ಕಳೆದುಕೊಂಡವರು. ಎರಡು ಕೋಣೆಗಳ ಮನೆಯನ್ನು ಹಂಚಿಕೊಂಡರೆ ಖರ್ಚು ಅರ್ಧ ಎಂಬುದು ಇಬ್ಬರೂ ಒಪ್ಪಿಕೊಂಡ ಕಾರಣ.

ಬೆಳಿಗ್ಗೆ ಇಂದುಮತಿ ವರಾಂಡಕ್ಕೆ ಕಾಫಿ ತಂದರು. "ಸಕ್ಕರೆ ಹಾಕಿಲ್ಲ. ಡಾಕ್ಟರ್ ಆರ್ಡರ್."

"ಮಕ್ಕಳ ಡಾಕ್ಟರ್ ಮಾತು ನಾನ್ಯಾಕೆ ಕೇಳ್ಲಿ?"

"ಹಟದಲ್ಲಿ ನೀವೂ ಮಗೂನೇ." ಕನ್ನಡಕದ ಮೇಲಿನಿಂದ ಅವರು ಬೀರಿದ ನೋಟ ಒಂದು ಕ್ಷಣ ಹೆಚ್ಚೇ ನಿಂತಿತು.

ಆಗ ಸೌತ್‌ಲೇಕ್‌ನಿಂದ ಮಗಳು ರಂಜನಿಯ ಫೋನ್ ಬಂತು. "ಅಪ್ಪಾ, ಇವತ್ತು ಅವಿಧವಾ ನವಮಿ ಅಲ್ವಾ? ಅಮ್ಮನ ಹೆಸರಲ್ಲಿ ಊಟಕ್ಕೆ ಯಾವ ಆಂಟೀನ ಕರೆದಿದ್ದೀರಿ?"

ಗಂಡನಿಗಿಂತ ಮೊದಲು ತೀರಿಕೊಂಡ ಹೆಂಡತಿಯ ಹೆಸರಿನಲ್ಲಿ ಆ ದಿನ ಮುತ್ತೈದೆಯೊಬ್ಬಳಿಗೆ ಊಟ ಬಡಿಸಬೇಕು. ಪ್ರೇಮಾ ಹೋದಂದಿನಿಂದ ವೆಂಕಟಗಿರಿ ಒಮ್ಮೆಯೂ ತಪ್ಪಿಸಿರಲಿಲ್ಲ. "ಆಮೇಲೆ ಮಾತಾಡ್ತೀನಮ್ಮ" ಎಂದು ಫೋನ್ ಇಟ್ಟರು. ಕಾಫಿ ಮುಟ್ಟಲಿಲ್ಲ.

"ಮರೆತೇಬಿಟ್ಟೆ. ಅಗ್ಗ ಅಂತ ತಾರೀಕು ನೋಡಿದೆ, ತಿಥಿ ನೋಡ್ಲಿಲ್ಲ."

ಇಂದುಮತಿ ಅಲೆಗಳ ಕಡೆ ಮುಖ ತಿರುಗಿಸಿದರು. "ನಾನು ನೋಡಿದ್ದೆ. ನೀವು ಬುಕ್ ಮಾಡಿದ ದಿನಾನೇ. ಹೇಳಿದ್ರೆ ಕ್ಯಾನ್ಸಲ್ ಮಾಡ್ತೀರಿ ಅಂತ ಸುಮ್ಮನಿದ್ದೆ. ಪ್ರೇಮಾ ಅವರಿಗೆ ನಾನು ಮಾಡಿದ್ದು ಸರಿಯಲ್ಲ."

ಬಳಿಕ ಇಂದುಮತಿ ಎದ್ದರು. "ಮನಸ್ಸು ಚುಚ್ತಿತ್ತು. ಅದಕ್ಕೆ ಪಾಯಸಕ್ಕೆ ಶಾವಿಗೆ ತಂದಿದ್ದೀನಿ. ವಡೆಗೆ ಉದ್ದಿನಬೇಳೆ ನೆನೆಹಾಕಿದ್ದೀನಿ. ಮುತ್ತೈದೆ ಮಾತ್ರ ಇಲ್ಲ. ನಾನಂತೂ ಆಗಲ್ಲ."

ವೆಂಕಟಗಿರಿ ತಲೆಯೆತ್ತದೆ ಹೇಳಿದರು. "ಮುಂದಿನ ವರ್ಷಕ್ಕೆ ಆಗಬಹುದು. ನೀವು ನನ್ನನ್ನ ಒಪ್ಪಿದ್ರೆ."

"ಇವತ್ತೇ ಕೇಳ್ಬೇಕಿತ್ತಾ?"

"ತಪ್ಪು ಅಂತ ಗೊತ್ತು. ಪ್ರೇಮಾಳಿಂದ ಮರೆಮಾಚಿ ಬೇರೆ ದಿನ ಕೇಳೋದು ಇನ್ನೂ ತಪ್ಪು ಅನ್ನಿಸ್ತು."

ಇಂದುಮತಿ ಆರಿದ ಕಾಫಿಯನ್ನು ಒಳಗೆ ಒಯ್ದು ಬಿಸಿಮಾಡಿ ತಂದರು. ಈ ಸಲ ಅದಕ್ಕೆ ಅರ್ಧ ಚಮಚ ಸಕ್ಕರೆ ಬಿದ್ದಿತ್ತು.

ಮಧ್ಯಾಹ್ನ ಪ್ರೇಮಾಳ ಎಡೆಯ ಮುಂದೆ ಇಬ್ಬರೂ ಕೈಮುಗಿದು ನಿಂತರು. ಒಪ್ಪಿಕೊಳ್ಳಬೇಕಾದ ತಪ್ಪು ಇಬ್ಬರದೂ ಒಂದೇ ಆಗಿತ್ತು: ಆ ಮನೆಯನ್ನು ಅವರು ಹಂಚಿಕೊಂಡದ್ದು ಬಾಡಿಗೆ ಕಡಿಮೆಯೆಂಬ ಕಾರಣಕ್ಕಲ್ಲ.