ಗಾಜಿನ ಕೊಳದ ಹವಳ

ಬಹಳ ಬಹಳ ಹಿಂದೆ, ತರಂಗಪುರವೆಂಬ ಕಡಲಂಚಿನ ರಾಜ್ಯದಲ್ಲಿ ಮಕರಂದನೆಂಬ ರಾಜಕುಮಾರನಿದ್ದ. ಅವನಿಗೆ ಸುಕೇಶಿನಿ ಎಂಬ ಒಬ್ಬಳೇ ತಂಗಿ. ಧೂಮಕೇಶನೆಂಬ ಮಾಂತ್ರಿಕ ಅವಳನ್ನು ಮದುವೆಯಾಗಲು ಬಂದ. ಅವಳು ಒಲ್ಲೆನೆಂದಳು. ಸಿಟ್ಟಿಗೆದ್ದ ಮಾಂತ್ರಿಕ ಅವಳನ್ನು ಕೆಂಪು ಹವಳವಾಗಿಸಿ, ಅರಮನೆಯ ಗಾಜಿನ ಕೊಳದ ಕಡಲನೀರಿನಲ್ಲಿ ನೆಟ್ಟ.

"ಹವಳ ಅರಳಿದರೆ ಇವಳು ಎದ್ದು ಬರುತ್ತಾಳೆ. ಬೆಳ್ಳಗಾದರೆ ಸತ್ತಳೆಂದು ತಿಳಿ. ಕೊಳದಿಂದ ಹೊರತೆಗೆದರೂ ಸಾಯುತ್ತಾಳೆ" ಎಂದವನೇ ಮಾಯವಾದ.

ಬೇಸಿಗೆ ಬಂತು. ಕೊಳದ ನೀರು ಇಳಿದು ಹವಳ ಮುದುಡಿತು. ಮಕರಂದ ಕೊಡಗಟ್ಟಲೆ ಕಡಲನೀರು ತಂದು ಸುರಿದ. ಹವಳ ಇನ್ನಷ್ಟು ಮುದುಡಿತು. ಅವನಿಗೆ ದಿಕ್ಕೇ ತೋಚಲಿಲ್ಲ.

"ಅಯ್ಯೋ, ಏನು ತಪ್ಪಾಯಿತು?" ಎಂದು ಗೋಳಾಡಿದ.

ಕೊಳದ ಮುದಿ ಏಡಿಯೊಂದು ಕಲ್ಲಿನಡಿಯಿಂದ ಇಣುಕಿತು. "ಬಿಸಿಲಿಗೆ ಆರಿದ್ದು ನೀರು, ರಾಜಕುಮಾರ. ಉಪ್ಪು ಇಲ್ಲೇ ಇದೆ. ನೀನು ಉಪ್ಪಿಗೆ ಉಪ್ಪು ಸೇರಿಸಿದೆ. ಸಿಹಿನೀರು ಹಾಕು."

"ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲವಲ್ಲ!"

ಸಿಹಿನೀರು ಬಿದ್ದಿತು, ಹವಳ ಚೇತರಿಸಿಕೊಂಡಿತು. ಆದರೆ ಅದು ಬೆಳೆಯಲಿಲ್ಲ. ಅದರ ಮೈ ಗಟ್ಟಿಯಾಗಲು ಸುಣ್ಣ ಬೇಕೆಂದು ಏಡಿ ಹೇಳಿತು. ಹೇಳಿ ಮುಗಿಸುವ ಮೊದಲೇ ಮಕರಂದ ಬುಟ್ಟಿ ತುಂಬ ಸುಣ್ಣ ಸುರಿದುಬಿಟ್ಟ. ಕೊಳವೆಲ್ಲ ಮಜ್ಜಿಗೆಯಂತಾಯಿತು. ಮೀನುಗಳು ಬಾಯಿ ಬಿಟ್ಟವು, ಹವಳದ ತುದಿ ಬಿಳಿಚಿತು.

"ಬೇಕೆಂದೆಯಲ್ಲ! ಹಾಕಿದರೂ ತಪ್ಪೇ?"

"ಇಷ್ಟು ಬೇಡ, ಇಷ್ಟು ಬೇಗ ಬೇಡ! ಕೆಟ್ಟ ನೀರನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಹೊಸ ಕಡಲನೀರು ತುಂಬು. ಆಮೇಲೆ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಡು."

ಮಕರಂದ ಹಾಗೇ ಮಾಡಿದ. ಹವಳಕ್ಕೆ ಮೊಗ್ಗು ಬಂತು.

ಇದು ಧೂಮಕೇಶನಿಗೆ ತಿಳಿಯಿತು. ವೈದ್ಯನ ವೇಷ ತೊಟ್ಟು, ಕೊರಳಿಗೆ ಶಂಖದ ಮಣಿಸರ ಹಾಕಿಕೊಂಡು ಬಂದ. ಕೈಯಲ್ಲೊಂದು ಕುಡಿಕೆ.

"ಈ ರಸ ಸುರಿ. ಈಗಲೇ ಹೂ ಅರಳುತ್ತದೆ. ಇಲ್ಲದಿದ್ದರೆ ಮೊಗ್ಗು ಬಾಡುತ್ತದೆ."

ಮಕರಂದ ಏಡಿಯತ್ತ ನೋಡಿದ. "ನನಗೂ ಗೊತ್ತಿಲ್ಲಪ್ಪ" ಎಂದಿತು ಏಡಿ.

ಸುರಿದರೆ ತಂಗಿ ಸತ್ತಾಳು. ಸುರಿಯದಿದ್ದರೆ ಮೊಗ್ಗು ಬಾಡೀತು. ಆದರೂ ಈ ಸಲ ಅವನು ಆತುರಪಡಲಿಲ್ಲ.

"ವೈದ್ಯರೇ, ಹವಳವೂ ಶಂಖವೂ ಒಂದೇ ಸುಣ್ಣದವು. ನಿಮ್ಮ ಒಂದು ಮಣಿ ಕೊಡಿ, ಮೊದಲು ಅದರ ಮೇಲೆ ನೋಡೋಣ."

ವೈದ್ಯ ಬೆಚ್ಚಿ ಸರವನ್ನು ಮುಚ್ಚಿಕೊಂಡ. "ಮಣಿ ಮುಟ್ಟಬೇಡ!"

ಮಕರಂದನಿಗೆ ಅನುಮಾನ ಬಂತು. ಸರವನ್ನು ಕಿತ್ತು, ಕುಡಿಕೆ ಕಸಿದು, ಅದರೊಳಗೇ ಹಾಕಿದ. ಬುಸ್ಸೆಂದು ನೊರೆಯೆದ್ದಿತು. ಮಣಿಗಳು ಕರಗಿಹೋದವು. ಮಾಂತ್ರಿಕನ ಮಾಯೆಯೆಲ್ಲ ಆ ಮಣಿಗಳಲ್ಲೇ ಇತ್ತು. ಅವನ ವೇಷ ಕಳಚಿತು, ಅವನು ಹೊಗೆಯಾಗಿ ಗಾಳಿಯಲ್ಲಿ ಚದುರಿಹೋದ.

ಮೊಗ್ಗು ಅರಳಿತು. ಸುಕೇಶಿನಿ ತೊಯ್ದ ಕೂದಲು ಹಿಂಡುತ್ತ ನೀರಿನಿಂದೆದ್ದು ನಿಂತಳು. ಮಕರಂದ ಓಡಿಬಂದು ಅವಳ ಕೈ ಹಿಡಿದು ದಡಕ್ಕೆ ಹತ್ತಿಸಿದ.

"ಅಣ್ಣಾ, ಹಸಿವಾಗ್ತಿದೆ" ಎಂದಳು ತಂಗಿ.

ಅಂದು ಇಡೀ ತರಂಗಪುರ ಒಂದೇ ಪಂಕ್ತಿಯಲ್ಲಿ ಕೂತು ಉಂಡಿತು. ಆಮೇಲೆ ಆ ಊರಿನಲ್ಲಿ ಎಲ್ಲರೂ ನೆಮ್ಮದಿಯಾಗಿ ನೂರು ಕಾಲ ಬಾಳಿದರು.