ನಿಕೋಬಾರಿನಿಂದ ಶೀಳನೆರೆಗೆ

೧೯೯೪ರ ಫೆಬ್ರವರಿ ೧೭, ಗುರುವಾರ. ಮಧ್ಯಾಹ್ನ ಒಂದೂವರೆಗೆ ಶೀಳನೆರೆಯ ಬೆಟ್ಟಮ್ಮ ಏದುಸಿರು ಬಿಡುತ್ತ ಠಾಣೆಯ ಮೆಟ್ಟಿಲು ಹತ್ತಿದಳು. ಉಣ್ಣಲು ಕೂತಿದ್ದ ಇನ್ಸ್‌ಪೆಕ್ಟರ್ ನರಸಯ್ಯ ಮುದ್ದೆ ಮುರಿದ ಕೈಯಲ್ಲೇ ಎದ್ದುಬಂದ.

"ನಮ್ಮಣ್ಣ ದ್ಯಾವಯ್ಯ ಬೆಳಿಗ್ಗೆ ಐದಕ್ಕೆ ತೀರ್ಕಂಡ ಸ್ವಾಮಿ. ಅನ್ನೆರಡಕ್ಕೆಲ್ಲ ದೊಡ್ಮಗ ಶಿವಶಂಕರ ಬಂದು ನಿಂತವ್ನೆ. ಅವ್ನಿರೋದು ಸಮುದ್ರದಾಚೆ, ಬರಕ್ಕೆ ಐದ್ ದಿನ ಬೇಕು. ಇಲ್ಲೇ ಎಲ್ಲೋ ಅವಿತ್ಕಂಡು ಏನೋ ಮಾಡವ್ನೆ. ಮಣ್ಣು ಮಾಡಕ್ಕೆ ಬುಡಬ್ಯಾಡಿ."

ಎಫ್‌ಐಆರ್ ದಾಖಲಿಸಿ ಎರಡೂವರೆಗೆ ನರಸಯ್ಯ ಊರಿಗೆ ಬಂದ. ಗಂಟಲು ಕ್ಯಾನ್ಸರಿನಿಂದ ಎಂಟು ತಿಂಗಳು ನರಳಿದ ಮುದುಕ. ಅನುಮಾನ ಪಡುವಂಥದ್ದೇನೂ ಮೇಲ್ನೋಟಕ್ಕೆ ಕಾಣಲಿಲ್ಲ. ಆದರೆ ಪಂಚನಾಮೆ ಮಾಡುವಾಗ ಚಾಪೆಯಡಿ ನಿದ್ದೆ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳು ಸಿಕ್ಕವು. ಶವ ಮರಣೋತ್ತರ ಪರೀಕ್ಷೆಗೆ ಹೋಯಿತು.

"ಯಾವಾಗ ಹೊರಟೆ?"

"ನಿನ್ನೆ ಬೆಳಿಗ್ಗೆ ಸಾರ್, ಕಾರ್ ನಿಕೋಬಾರ್ ದ್ವೀಪದಿಂದ," ಎಂದ ಶಿವಶಂಕರ. "ವಿಮಾನದಲ್ಲಿ ಪೋರ್ಟ್ ಬ್ಲೇರಿಗೆ ಒಂದು ಗಂಟೆ, ಅಲ್ಲಿಂದ ಮದ್ರಾಸಿಗೆ ಎರಡು. ಆಮೇಲೆ ರಾತ್ರಿ ರೈಲಲ್ಲಿ ಬೆಳಗಿನ ಜಾವಕ್ಕೆ ಬೆಂಗಳೂರು, ಅಲ್ಲಿಂದ ಬಸ್ಸು. ಒಂಬತ್ತು ವರ್ಷದಿಂದ ಅಲ್ಲೇ ನೌಕರಿ, ಊರಿಗೆ ಹಡಗಲ್ಲೇ ಬರ್ತಿದ್ದೆ. ಈ ಸಲ ಸಾವಿನ ತಂತಿ ನೋಡಿ ಸಾಹೇಬ್ರು ಸೀಟು ಕೊಡಿಸಿದ್ರು."

"ಒಂದ್ ಗಂಟೇಲಿ ನಮ್ ಬಸ್ಸು ಪಾಂಡವಪುರನೇ ಮುಟ್ಟಲ್ಲ, ಇವ್ನು ಸಮುದ್ರ ದಾಟವ್ನಂತೆ!" ಎಂದು ಪೇದೆ ದಾಸಯ್ಯ ನಕ್ಕ.

ನರಸಯ್ಯ ನಗಲಿಲ್ಲ. ಶಾಲೆಯಿಂದ ಭೂಪಟ ತರಿಸಿ ದಾರ ಹಿಡಿದು ಅಳೆದ. ಕಾರ್ ನಿಕೋಬಾರಿಗೂ ಪೋರ್ಟ್ ಬ್ಲೇರಿಗೂ ನಡುವೆ ಸುಮಾರು ಇನ್ನೂರೆಪ್ಪತ್ತು ಕಿಲೋಮೀಟರು. ಒಂದು ಗಂಟೆ ಸರಿಯೇ. ಮದ್ರಾಸಿಗೆ ಫೋನು ಮಾಡಿಸಿದರೆ, ಬುಧವಾರದ ವಿಮಾನದ ಪ್ರಯಾಣಿಕರ ಪಟ್ಟಿಯಲ್ಲಿ ಹೆಸರಿತ್ತು. ಶಿವಶಂಕರ ನಿರಪರಾಧಿ. ಆದರೂ ನರಸಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಜಗಲಿಯ ಮೇಲೆ ಅತ್ತಿಂದಿತ್ತ ತಿರುಗಿದ. ಬುಧವಾರ ಬೆಳಿಗ್ಗೆ ಮುದುಕ ಬದುಕಿದ್ದನಲ್ಲ?

"ಆ ತಂತಿ ಎಲ್ಲಿ?"

'ಅಪ್ಪ ತೀರಿಕೊಂಡರು, ಕೂಡಲೇ ಹೊರಡು.' ಕೊಟ್ಟದ್ದು ಮಂಗಳವಾರ ಬೆಳಿಗ್ಗೆ ೧೦-೨೦ಕ್ಕೆ.

"ನಂಗೋಸ್ಕರ ಎರಡ್ ದಿನದಿಂದ ಮಣ್ಣು ಮಾಡ್ದೆ ಇಟ್ಟವ್ರೆ ಅನ್ಕಂಡಿದ್ದೆ ಸಾರ್," ಎಂದ ಶಿವಶಂಕರ.

ದಾಸಯ್ಯ ತಂತಿ ಕಚೇರಿಯಿಂದ ತಂದ ಅರ್ಜಿಯಲ್ಲಿದ್ದದ್ದು ಕಿರಿಮಗ ಹೊನ್ನಪ್ಪನ ಕೈಬರಹ. ಹೊಟ್ಟೆಯಲ್ಲಿ ಮಾತ್ರೆ ಇದ್ದುದನ್ನು ಡಾಕ್ಟರೂ ತಿಳಿಸಿದರು.

"ಸಾಯೋ ಮುಂಚೇನೇ ಸತ್ತ ಅಂತ ಯಾಕಯ್ಯ ಬರೆದೆ?"

ಹೊನ್ನಪ್ಪ ಸುಳ್ಳು ಹೇಳಲಿಲ್ಲ. "ಸೀರಿಯಸ್ ಅಂತ ಎರಡ್ ಸಲ ತಂತಿ ಕೊಟ್ಟೆ, ಅಣ್ಣಂಗೆ ರಜಾ ಸಿಗ್ನಿಲ್ಲ. ಸತ್ತ ಅಂದ್ರೆ ಕಳಿಸ್ತಾರೆ. ಅಪ್ಪ ಉಸಿರಿರೋವಾಗ್ಲೇ ಅಣ್ಣನ ಮೊಕ ನೋಡ್ಲಿ ಅಂತ ಬರೆದೆ."

"ಮಾತ್ರೆ?"

"ಹಡಗಲ್ಲಿ ಬಂದ್ರೆ ಭಾನುವಾರ ಆಯ್ತದೆ. ಅಲ್ಲೀಗಂಟ ಆ ನೋವು ತಡೀನಾರೆ, ಕಳಿಸ್ಬುಡ್ಲಾ ಅಂತ ಅಪ್ಪ ನಂಗೇ ಕೈ ಮುಗುದ. ಅಂಬಲೀಲಿ ಕಲಸಿ ಕುಡಿಸ್ದೆ."

ನರಸಯ್ಯ ಹೇಳಿಕೆ ಬರೆದುಕೊಂಡ. ಕಾನೂನು ಕಾನೂನೇ. ಸಂಜೆ ೬-೪೦ಕ್ಕೆ ಬಂಧನ ದಾಖಲಾಯಿತು.

ಜೀಪು ಹತ್ತುವಾಗ ಹೊನ್ನಪ್ಪ ತಿರುಗಿ ಕೇಳಿದ: "ಅಪ್ಪ ಹೋಗೋ ಒತ್ನಲ್ಲಿ ಅಣ್ಣ ಎಲ್ಲಿದ್ದ ಸಾರ್? ನಡುನೀರಲ್ಲಾ?"

ಹೇಳಬಾರದಿತ್ತು, ನರಸಯ್ಯ ಹೇಳಿಬಿಟ್ಟ. "ಬೆಂಗಳೂರಲ್ಲಿ ಬಸ್ಸು ಕಾಯ್ತಿದ್ದ."

ಹೊನ್ನಪ್ಪ ಜೀಪಿನ ಕಂಬಿ ಹಿಡಿದು ಎಣಿಸಿದ: ಐದರಿಂದ ಹನ್ನೆರಡಕ್ಕೆ ಏಳೇ ಗಂಟೆ.